ಬಿಕ್ಕಳಿಕೆ ಎರಡು ದಿನ ಆದ್ರೂ ನಿಲ್ತಿಲ್ಲ ಅಂದ್ರೆ ಎಲ್ಲೆಲ್ಲಿ ಹುಡುಕ್ಬೇಕು

ಬಿಕ್ಕಳಿಕೆ ಬಂದ್ರೆ ಮನೇಲಿ ಯಾರೋ ನೆನೆಸ್ಕೋತಿದಾರೆ ನೀರು ಕುಡಿ ಅಂತಾರೆ, ಮೆಡಿಕಲ್ ಪರೀಕ್ಷೆಗೆ ಓದುವಾಗ ನಾವೂ ಇದನ್ನ ಅರ್ಧ ಪುಟದಲ್ಲಿ ಮುಗಿಸ್ಬಿಡ್ತೀವಿ. ಆದ್ರೆ 48 ಗಂಟೆ ದಾಟಿದ್ರೆ ಅದು ಪರ್ಸಿಸ್ಟೆಂಟ್ (ಬಿಡದೆ ಕಾಡೋದು), ಒಂದು ತಿಂಗಳು ದಾಟಿದ್ರೆ ಇಂಟ್ರಾಕ್ಟಬಲ್ (ಹಠ ಹಿಡಿದದ್ದು), ಆ ಹಂತದಲ್ಲಿರೋ ಒಬ್ಬ ಪೇಷಂಟನ್ನ ಹತ್ರದಿಂದ ನೋಡಿದ್ರೆ ಆಮೇಲೆ ಯಾವತ್ತೂ ಹಗುರವಾಗಿ ತಗೊಳಲ್ಲ.

ಇಂಟರ್ನ್‌ಶಿಪ್ ಟೈಮಲ್ಲಿ ಒಬ್ರು ಅಜ್ಜ ಬಂದಿದ್ರು, ನಾಲ್ಕು ದಿನದಿಂದ ಬಿಕ್ಕಳಿಕೆ, ಎರಡು ಕಡೆ ಗ್ಯಾಸ್ ಅಂತ ಆಸಿಡ್ ಇಳಿಸೋ ಪ್ಯಾಂಟೊಪ್ರಜೋಲ್ ಕೊಟ್ಟು ಕಳ್ಸಿದ್ರು. ಮಗಳು ಗಂಜಿ ಚಮಚ ಬಾಯಿ ಹತ್ರ ತರೋದು, ಅಷ್ಟರಲ್ಲಿ ಮೈಯೆಲ್ಲ ಎತ್ತಿಹಾಕಿದ ಹಾಗೆ ಒಂದು ಹಿಕ್, ಗಂಜಿ ಎದೆ ಮೇಲೆ, ಒಳಗೆ ಹೋದದ್ದೂ ಕೆಮ್ಮು ಬಂದು ವಾಪಸ್. ನಮ್ಮ ಪಿಜಿ ಅಕ್ಕ (ಸ್ನಾತಕೋತ್ತರ ಓದ್ತಿದ್ದ ಸೀನಿಯರ್ ಡಾಕ್ಟರ್) ಹೊಟ್ಟೆ ಮುಟ್ಟೋಕೆ ಮುಂಚೆ ಕೇಳಿದ್ದು, ಅಜ್ಜಾ ಮುಖ ತೊಳೆಯುವಾಗ ನೀರು ಎರಡೂ ಕಡೆ ಒಂದೇ ಥರ ತಣ್ಣಗಿರತ್ತಾ ಅಂತ. ಎಡಗಡೆ ಗೊತ್ತೇ ಆಗಲ್ಲ ಅಂದ್ರು. ಎಡಗಣ್ಣಿನ ರೆಪ್ಪೆ ಸ್ವಲ್ಪ ಇಳಿದಿತ್ತು, ಪಾಪೆ ಚಿಕ್ಕದಾಗಿತ್ತು, ಧ್ವನಿ ಒಡೆದಿತ್ತು. ಸಿಟಿ ಸ್ಕ್ಯಾನ್ ನಾರ್ಮಲ್, ಎಂಆರ್‌ಐಯಲ್ಲಿ ಎಡಗಡೆ ಲ್ಯಾಟರಲ್ ಮೆಡುಲ್ಲಾದಲ್ಲಿ, ಅಂದ್ರೆ ಮಿದುಳಿನ ಬುಡದ ಪಕ್ಕದ ಭಾಗದಲ್ಲಿ, ಇನ್ಫಾರ್ಕ್ಟ್, ರಕ್ತ ಸಿಗದೆ ಸತ್ತ ಜಾಗ. ವಾಲೆನ್‌ಬರ್ಗ್ ಸಿಂಡ್ರೋಮ್ ಅಂದ್ರೆ ಈ ಥರದ ಸ್ಟ್ರೋಕೇ, ಅದು ನಂಗೆ ಅವತ್ತು ಅರ್ಥ ಆಯ್ತು.

ಇದ್ಯಾಕೆ ಹೀಗೆ ಅಂತ ತಿಳ್ಕೊಳ್ಳೋಕೆ ರಿಫ್ಲೆಕ್ಸ್ ದಾರಿ ಒಂದು ಸಲ ಕೈಯಲ್ಲಿ ಬರೆದುಬಿಡಿ. ಸುದ್ದಿ ಒಯ್ಯೋದು ವೇಗಸ್ (ಮಿದುಳಿಂದ ಎದೆ, ಹೊಟ್ಟೆವರೆಗೆ ಇಳಿಯೋ ನರ), ಫ್ರೆನಿಕ್ (ಕುತ್ತಿಗೆಯಿಂದ ಡಯಾಫ್ರಮ್ ಅನ್ನೋ ಎದೆ-ಹೊಟ್ಟೆ ನಡುವಿನ ಉಸಿರಾಟದ ಸ್ನಾಯುವಿಗೆ ಹೋಗೋ ನರ), ಮತ್ತೆ ಬೆನ್ನುಹುರಿಯ ಟಿ6ರಿಂದ ಟಿ12ರ ಸಿಂಪಥೆಟಿಕ್ ನರಗಳು. ಮಧ್ಯದ ಜಂಕ್ಷನ್ ಮುಖ್ಯವಾಗಿ ಮೆಡುಲ್ಲಾ ಸುತ್ತಮುತ್ತ. ವಾಪಸ್ ಆರ್ಡರ್ ಬರೋದು ಫ್ರೆನಿಕ್ ಮೂಲಕ ಡಯಾಫ್ರಮ್‌ಗೆ, ಡಯಾಫ್ರಮ್ ಜಗ್ಗಿ ಗಾಳಿ ಒಳಗೆ ನುಗ್ಗಿದ ಸುಮಾರು 35 ಮಿಲಿಸೆಕೆಂಡಿಗೆ ಗ್ಲಾಟಿಸ್, ಅಂದ್ರೆ ಧ್ವನಿತಂತುಗಳ ನಡುವಿನ ಬಾಗಿಲು, ಪಟ್ ಅಂತ ಮುಚ್ಕೊಳತ್ತೆ, ಆ ಶಬ್ದಾನೇ ಹಿಕ್. ಕನ್ನಡದಲ್ಲಿ ಬಿಕ್ಕಿ ಬಿಕ್ಕಿ ಅಳೋದಕ್ಕೂ ಇದಕ್ಕೂ ಒಂದೇ ಮಾತು ನೋಡಿ, ವೈದ್ಯಕೀಯದ ಸಿಂಗಲ್ಟಸ್ ಅನ್ನೋ ಲ್ಯಾಟಿನ್ ಪದಕ್ಕೂ ಅದೇ ಎರಡು ಅರ್ಥ.

ಈಗ ಕಾರಣಗಳನ್ನ ಬಾಯಿಪಾಠ ಮಾಡೋದು ಬೇಡ, ಆ ನರ ಹಿಡ್ಕೊಂಡು ಮೇಲಿಂದ ಕೆಳಗೆ ನಡೀರಿ ಸಾಕು. ಕಿವಿಯಲ್ಲಿ ವೇಗಸ್‌ನ ಒಂದು ಕೊಂಬೆ ಇದೆ, ತಮಟೆಗೆ ತಾಗಿದ ಒಂದು ಕೂದಲೂ ಬಿಕ್ಕಳಿಕೆ ತರಬಹುದು, ಅದಕ್ಕೇ ಓಟೋಸ್ಕೋಪ್ ಹಾಕಿ ನೋಡೋದು. ಕುತ್ತಿಗೆಯಲ್ಲಿ ಗಂಟು, ಎದೆಯಲ್ಲಿ ನ್ಯುಮೋನಿಯಾ, ಟ್ಯೂಮರ್, ಪೆರಿಕಾರ್ಡೈಟಿಸ್ (ಹೃದಯದ ಹೊದಿಕೆಯ ಉರಿಯೂತ), ಹೃದಯದ ಕೆಳಗೋಡೆಗೆ ಆಗೋ ಇನ್‌ಫೀರಿಯರ್ ವಾಲ್ ಹಾರ್ಟ್ ಅಟ್ಯಾಕ್. ಡಯಾಫ್ರಮ್ ಕೆಳಗೆ ಲಿವರ್ ಕೀವು, ಸಬ್‌ಫ್ರೆನಿಕ್ ಆಬ್ಸೆಸ್ (ಡಯಾಫ್ರಮ್ ಅಡಿಗೆ ಕಟ್ಟಿದ ಕೀವು), ಉಬ್ಬಿದ ಹೊಟ್ಟೆ, ಆಸಿಡ್ ಮೇಲೆ ಬರೋ ರಿಫ್ಲಕ್ಸ್, ಇದು ತುಂಬಾ ಕಾಮನ್. ರಕ್ತದಲ್ಲಿ ಯೂರಿಯಾ ಏರಿದ್ರೂ ಸೋಡಿಯಂ, ಕ್ಯಾಲ್ಸಿಯಂ ಇಳಿದ್ರೂ ಬರತ್ತೆ. ಕುಡಿತ ಕೇಳಿ, ಔಷಧಿ ಚೀಟಿ ಓದಿ, ಕೀಮೋ ಜೊತೆ ಕೊಡೋ ಡೆಕ್ಸಾಮೆಥಾಸೋನ್ ಅನ್ನೋ ಸ್ಟೀರಾಯ್ಡ್ ಇದಕ್ಕೆ ಹೆಸರುವಾಸಿ.

ಇಲ್ಲಿ ಒಂದನ್ನ ಮಾತ್ರ ದಯವಿಟ್ಟು ಮರೀಬೇಡಿ, ನ್ಯೂರೋಮೈಲೈಟಿಸ್ ಆಪ್ಟಿಕಾ, ದೇಹದ ರೋಗನಿರೋಧಕ ವ್ಯವಸ್ಥೆಯೇ ಕಣ್ಣಿನ ನರ, ಬೆನ್ನುಹುರಿ ಮೇಲೆ ಬೀಳೋ ಕಾಯಿಲೆ. ಮೆಡುಲ್ಲಾ ಹಿಂಭಾಗದಲ್ಲಿ ವಾಂತಿ ಎಬ್ಬಿಸೋ ಏರಿಯಾ ಪೋಸ್ಟ್ರೀಮಾಗೆ ಏಟು ಬಿದ್ದಾಗ ದಿನಗಟ್ಟಲೆ ಬಿಕ್ಕಳಿಕೆ ಜೊತೆ ವಾಂತಿ, ಎಂಡೋಸ್ಕೋಪಿ ಮಾಡಿದ್ರೆ ಏನೂ ಇಲ್ಲ, ಪೇಷಂಟ್ ಗ್ಯಾಸ್ಟ್ರೋ ಓಪಿಡಿಗೆ ಅಲೀತಿರ್ತಾರೆ, ಆಮೇಲೆ ಕಣ್ಣೋ ಕಾಲೋ ಹೋದಾಗ ಗೊತ್ತಾಗತ್ತೆ. ವಯಸ್ಸಿನ ಹುಡುಗಿ, ಬಿಕ್ಕಳಿಕೆ, ವಾಂತಿ, ಹೊಟ್ಟೆ ನಾರ್ಮಲ್ ಅಂದ್ರೆ ಎಂಆರ್‌ಐ ಮತ್ತೆ ಈ ಕಾಯಿಲೆ ಹಿಡಿಯೋ ಅಕ್ವಾಪೋರಿನ್-4 ಆಂಟಿಬಾಡಿ ಟೆಸ್ಟ್ ನೆನಪಾಗ್ಬೇಕು. ಬೇಗ ಹಿಡಿದ್ರೆ ಕಣ್ಣು ಉಳಿಸಬಹುದು.

ಟೆಸ್ಟ್ ಅಂದ್ರೆ ಎಲ್ಲರಿಗೂ ಎಲ್ಲಾ ಅಲ್ಲ. ನಿದ್ದೇಲೂ ಬರತ್ತಾ ಕೇಳಿ, ಬರತ್ತೆ ಅಂದ್ರೆ ದೇಹದಲ್ಲೇ ಕಾರಣ ಇರೋ ಸಾಧ್ಯತೆ ಜಾಸ್ತಿ, ಬರಲ್ಲ ಅಂದ ಮಾತ್ರಕ್ಕೆ ಮನಸ್ಸಿಂದು ಅಂತ ಬರೆದುಬಿಡಬೇಡಿ. ರಕ್ತ, ಕ್ರಿಯಾಟಿನಿನ್ (ಕಿಡ್ನಿ ಟೆಸ್ಟ್), ಎಲೆಕ್ಟ್ರೋಲೈಟ್ಸ್, ಲಿವರ್ ಟೆಸ್ಟ್, ಎದೆ ಎಕ್ಸ್‌ರೇ, ವಯಸ್ಸಾದವರಿಗೆ ಶುಗರ್ ಇರೋರಿಗೆ ಮೊದಲು ಇಸಿಜಿ. ಮುಂದಿನದು ಸಿಕ್ಕಿದ ಸುಳಿವಿನ ಮೇಲೆ.

ಚಿಕಿತ್ಸೇಲಿ ಮೊದಲು ಕಾರಣ. ಉಸಿರು ಬಿಗಿಹಿಡಿಯೋದು, ಸಕ್ಕರೆ ನುಂಗೋದು ಇವೆಲ್ಲ ವೇಗಸನ್ನ ಕೆಣಕೋ ಉಪಾಯ, ಈಗಷ್ಟೇ ಶುರುವಾದದ್ದಕ್ಕೆ ಓಕೆ. ರಿಫ್ಲಕ್ಸ್ ಅನುಮಾನ ಇದ್ರೆ ಪಿಪಿಐ (ಪ್ಯಾಂಟೊಪ್ರಜೋಲ್ ಥರದ ಮಾತ್ರೆ). ಆಮೇಲೆ ಸ್ನಾಯು ಸಡಿಲಿಸೋ ಬ್ಯಾಕ್ಲೋಫೆನ್ 5ರಿಂದ 10 ಮಿಗ್ರಾಂ ದಿನಕ್ಕೆ ಮೂರು ಸಲ, ಇಲ್ಲಾಂದ್ರೆ ನರನೋವಿಗೆ ಕೊಡೋ ಗ್ಯಾಬಪೆಂಟಿನ್ ಅಥವಾ ವಾಂತಿ ತಡೆಯೋ ಮೆಟೊಕ್ಲೊಪ್ರಮೈಡ್. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಬಿಕ್ಕಳಿಕೆಗೇ ಅಂತ ಒಪ್ಪಿದ ಔಷಧಿ ಕ್ಲೋರ್‌ಪ್ರೊಮಝೀನ್ ಒಂದೇ, ಆದ್ರೆ ಅದು ಬಿಪಿ ಇಳಿಸತ್ತೆ, ಇಸಿಜಿಯಲ್ಲಿ ಕ್ಯೂಟಿ ಉದ್ದ ಮಾಡತ್ತೆ (ಹೃದಯದ ಲಯ ಕೆಡೋ ಅಪಾಯ), ವಯಸ್ಸಾದವರನ್ನ ಮಂಕು ಮಾಡತ್ತೆ, ಅದಕ್ಕೇ ನಾನು ಅದನ್ನ ಮೊದಲು ಬರೆಯಲ್ಲ. ಇನ್ನೊಂದು ಕೆಂಪು ಪೆನ್ನಲ್ಲಿ ಬರ್ಕೊಳ್ಳಿ, ಬ್ಯಾಕ್ಲೋಫೆನ್ ಹೊರಗೆ ಹೋಗೋದು ಹೆಚ್ಚಾಗಿ ಕಿಡ್ನಿಯಿಂದ, ಡಯಾಲಿಸಿಸ್ ಪೇಷಂಟಿಗೆ ಬಿಕ್ಕಳಿಕೆ ಬಂತು ಅಂತ ಕೊಟ್ರೆ ಚಿಕ್ಕ ಡೋಸಲ್ಲೂ ಪ್ರಜ್ಞೆ ತಪ್ಪಬಹುದು, ಗ್ಯಾಬಪೆಂಟಿನ್ ಕೂಡ ಅಲ್ಲಿ ಶೇಖರ ಆಗತ್ತೆ. ಕ್ರಿಯಾಟಿನಿನ್ ನೋಡದೆ ಚೀಟಿ ಬರೀಬೇಡಿ. ಫ್ರೆನಿಕ್ ನರ ಬ್ಲಾಕ್ ಮಾಡೋದು ಕೊನೇ ದಾರಿ, ಉಸಿರಾಟಕ್ಕೇ ಪೆಟ್ಟು ಬೀಳೋ ಭಯ ಇರತ್ತೆ.

ಅಜ್ಜನ ಕ್ರಿಯಾಟಿನಿನ್ ಸರಿ ಇತ್ತು, ಮೂಗಿನ ಟ್ಯೂಬಲ್ಲಿ ಬ್ಯಾಕ್ಲೋಫೆನ್ 5 ಮಿಗ್ರಾಂ ಮೂರು ಹೊತ್ತು ಶುರು ಮಾಡಿದ್ವಿ. ಮೂರನೇ ರಾತ್ರಿ ರೌಂಡ್ಸಿಗೆ ಹೋದಾಗ ಮಗಳು ತುಟಿ ಮೇಲೆ ಬೆರಳಿಟ್ಟು ಸನ್ನೆ ಮಾಡಿದ್ರು, ಅಜ್ಜ ನಿದ್ದೆ ಮಾಡ್ತಿದ್ರು. ನುಂಗೋದು ಇನ್ನೂ ಬಂದಿರ್ಲಿಲ್ಲ, ಟ್ಯೂಬ್ ತೆಗೆಯೋಕೆ ಮತ್ತೆ ಎರಡು ವಾರ ಬೇಕಾಯ್ತು.