ಭಾಷಣ ನೋಡ್ಕೊಂಡು ಬಿಲ್ ಹಾಕಕ್ಕಾಗಲ್ಲ

ಪ್ರಶ್ನೆ: ಪ್ರಧಾನಿ ಟಿವಿಯಲ್ಲೋ ಸಭೆಯಲ್ಲೋ ಒಂದು ಮಾತು ಹೇಳಿದರೆ ಅದು ಆಗಲೇ ಜಾರಿಗೆ ಬಂದ ಹಾಗೆಯೇ? ನಮ್ಮ ಕಡೆ ಒಬ್ಬರು ‘ಹೇಳಿದ ಮೇಲೆ ಮುಗೀತು’ ಅಂತಾರೆ, ಇನ್ನೊಬ್ಬರು ‘ಅದೆಲ್ಲ ಬರೀ ಭಾಷಣ’ ಅಂತಾರೆ. ಯಾವುದು ಸರಿ?
— ಆಲೂರಿನ ಓದುಗರೊಬ್ಬರು

ಉತ್ತರ: ಇಬ್ಬರದ್ದೂ ಅರ್ಧರ್ಧ ಸರಿ. ನಮ್ಮ ಭಾವನ ಟ್ರ್ಯಾಕ್ಟರ್ ಕಥೆಯಿಂದಲೇ ಶುರುಮಾಡುತ್ತೇನೆ.

2025ರ ಆಗಸ್ಟ್ 15ರಂದು ಕೆಂಪುಕೋಟೆಯಲ್ಲಿ ನರೇಂದ್ರ ಮೋದಿಯವರು ದೀಪಾವಳಿ ಹೊತ್ತಿಗೆ ಜಿಎಸ್‌ಟಿ ಇಳಿಸುವ ಮಾತಾಡಿದರು. ಅರಕಲಗೂಡಿನ ಭಾವ ಆ ವಾರವೇ ಹಾಸನದ ಶೋರೂಮಿಗೆ ಹೋದರು. ಮುಂಗಡ ಮೊದಲೇ ಕೊಟ್ಟಾಗಿತ್ತು. ಹೊಸ ದರದಲ್ಲಿ ಬಿಲ್ ಮಾಡಿಕೊಡಿ ಅಂತ ಕೇಳುವುದಷ್ಟೇ ಬಾಕಿ. ಕೌಂಟರಿನ ಹುಡುಗ ಕಾಫಿ ತರಿಸಿ ಕೊಟ್ಟು, “ಅಣ್ಣಾ, ಭಾಷಣ ನೋಡ್ಕೊಂಡು ಬಿಲ್ ಹಾಕಕ್ಕಾಗಲ್ಲ. ಸಿಸ್ಟಮ್ಮಲ್ಲಿ ಇನ್ನೂ ಹನ್ನೆರಡೇ ತೋರಿಸ್ತಿದೆ” ಅಂದನಂತೆ.

ಆ ಹುಡುಗ ಸಂವಿಧಾನ ಓದಿದ್ದನೋ ಇಲ್ಲವೋ, ಹೇಳಿದ್ದು ಮಾತ್ರ ನೂರಕ್ಕೆ ನೂರು ಸರಿ. ಜಿಎಸ್‌ಟಿ ದರ ಪ್ರಧಾನಿಯೊಬ್ಬರ ಕೈಯಲ್ಲಿಲ್ಲ. ಸಂವಿಧಾನದ 279ಎ ವಿಧಿಯ ಪ್ರಕಾರ ಅದನ್ನು ಶಿಫಾರಸು ಮಾಡುವುದು ಜಿಎಸ್‌ಟಿ ಮಂಡಳಿ. ಅಲ್ಲಿ ಕೇಂದ್ರದ ಮತಕ್ಕೆ ಮೂರನೇ ಒಂದು ತೂಕ, ಎಲ್ಲ ರಾಜ್ಯಗಳ ಮತಕ್ಕೆ ಸೇರಿ ಮೂರನೇ ಎರಡು. ಮುಕ್ಕಾಲು ಪಾಲು ಬೆಂಬಲ ಸಿಗದೆ ಯಾವುದೂ ಪಾಸಾಗುವುದಿಲ್ಲ. ಮಂಡಳಿ ಒಪ್ಪಿದ್ದು ಸೆಪ್ಟೆಂಬರ್ 3ಕ್ಕೆ, ಕೇಂದ್ರದ ಅಧಿಸೂಚನೆ ಬಂದದ್ದು 17ಕ್ಕೆ, ದರ ಜಾರಿಯಾದದ್ದು 22ಕ್ಕೆ. ಟ್ರ್ಯಾಕ್ಟರ್ ಮೇಲಿನ ತೆರಿಗೆ ಶೇ. 12ರಿಂದ 5ಕ್ಕೆ ಇಳಿಯಿತು. ತೆರಿಗೆ ಬಿಟ್ಟು ಏಳು ಲಕ್ಷದ ಗಾಡಿ ಅಂತಿಟ್ಟುಕೊಂಡರೆ 84 ಸಾವಿರ ಕಟ್ಟುವ ಕಡೆ 35 ಸಾವಿರ. ಭಾಷಣಕ್ಕೂ ಬಿಲ್ಲಿಗೂ ನಡುವೆ 38 ದಿನ.

ಇದಕ್ಕೆ ಪೂರಾ ಉಲ್ಟಾ ಆದದ್ದೂ ಉಂಟು. 2016ರ ನವೆಂಬರ್ 8ರ ರಾತ್ರಿ ಎಂಟಕ್ಕೆ ನೋಟು ರದ್ದಿನ ಭಾಷಣ. ಮಧ್ಯರಾತ್ರಿ ಕಳೆಯುವಷ್ಟರಲ್ಲಿ ಐನೂರು, ಸಾವಿರದ ನೋಟು ಬರೀ ಕಾಗದ. ಆದರೆ ಅಲ್ಲೂ ನೋಟಿನ ಬೆಲೆ ಕಳೆದದ್ದು ಭಾಷಣವಲ್ಲ, ರಿಸರ್ವ್ ಬ್ಯಾಂಕ್ ಕಾಯ್ದೆಯ 26(2)ರ ಅಡಿ ಅದೇ ದಿನ ಹೊರಟ ಗೆಜೆಟ್ ಅಧಿಸೂಚನೆ. 2020ರ ಮಾರ್ಚ್ 24ರ ಲಾಕ್‌ಡೌನ್ ಕೂಡ ಹಾಗೆಯೇ. ಅಂಗಡಿ ಮುಚ್ಚಿಸಿದ್ದು ವಿಪತ್ತು ನಿರ್ವಹಣಾ ಕಾಯ್ದೆಯಡಿ ಹೊರಟ ಆದೇಶ. ಭಾಷಣ ಕೇಳಿದವರಿಗೆ ‘ಮನೆಯಲ್ಲೇ ಇರಿ’ ಅನ್ನುವುದಷ್ಟೇ ಕಿವಿಯಲ್ಲಿ ಉಳಿಯಿತು. ಹೊಲದ ಕೆಲಸಕ್ಕೆ, ಕೃಷಿ ಕೂಲಿಯವರಿಗೆ ವಿನಾಯಿತಿ ಸಿಕ್ಕಿದ್ದು ಮೂರು ದಿನ ಬಿಟ್ಟು ಬಂದ ಇನ್ನೊಂದು ಕಾಗದದಲ್ಲಿ. ಅದನ್ನು ಓದಿದವರು ಎಷ್ಟು ಜನ!

ಚುನಾವಣಾ ಸಭೆಯ ಮಾತು ಇನ್ನೊಂದು ಬಗೆ. ಉಚಿತ ಪಡಿತರವನ್ನು ಐದು ವರ್ಷ ಮುಂದುವರಿಸುವುದಾಗಿ ಮೋದಿ ಹೇಳಿದ್ದು 2023ರ ನವೆಂಬರಿನಲ್ಲಿ, ಛತ್ತೀಸ್‌ಗಢದ ದುರ್ಗದ ಪ್ರಚಾರ ಸಭೆಯಲ್ಲಿ. ಸಂಪುಟ ಒಪ್ಪಿಗೆ ಕೊಟ್ಟದ್ದು ಅದೇ ತಿಂಗಳ ಕೊನೆಗೆ. ಮೊದಲು ಘೋಷಣೆ, ಆಮೇಲೆ ಸಂಪುಟ. ಈ ಕ್ರಮ ನನಗೆ ಸರಿ ಕಾಣುವುದಿಲ್ಲ, ಆದರೆ ಎಲ್ಲ ಪಕ್ಷದವರೂ ಮಾಡುತ್ತಾರೆ.

ಇನ್ನು ನಮ್ಮ ಜಿಲ್ಲೆಯವರದ್ದೇ ಉದಾಹರಣೆ. ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ಎಚ್.ಡಿ. ದೇವೇಗೌಡರು 1996ರ ಆಗಸ್ಟ್ 15ರಂದು ಅದೇ ಕೆಂಪುಕೋಟೆಯ ಮೇಲೆ ನಿಂತು ಉತ್ತರಾಖಂಡ ಪ್ರತ್ಯೇಕ ರಾಜ್ಯವಾಗುತ್ತದೆ ಎಂದು ಸಾರಿದರು. ಬೆಟ್ಟದ ಜನ ವರ್ಷಗಟ್ಟಲೆ ಹೋರಾಡಿದ್ದ ಬೇಡಿಕೆ ಅದು. ಆದರೆ ರಾಜ್ಯ ಕಟ್ಟುವುದಕ್ಕೆ ಸಂಸತ್ತಿನ ಕಾಯ್ದೆಯೇ ಬೇಕು, ಸಂವಿಧಾನದ 3ನೇ ವಿಧಿ ಹಾಗೆ ಹೇಳುತ್ತದೆ. ಮುಂದಿನ ಏಪ್ರಿಲ್‌ನಲ್ಲಿ ಗೌಡರ ಸರ್ಕಾರ ಬಿತ್ತು, ಗುಜ್ರಾಲರು ಬಂದರು, ಹೋದರು. ರಾಜ್ಯ ಹುಟ್ಟಿದ್ದು ವಾಜಪೇಯಿ ಕಾಲದಲ್ಲಿ, 2000ದ ನವೆಂಬರ್ 9ರಂದು, ಅದೂ ಉತ್ತರಾಂಚಲ ಎಂಬ ಹೆಸರಲ್ಲಿ. ಮಾತಾಡಿದವರು ಒಬ್ಬರು, ರುಜು ಹಾಕಿಸಿದವರು ಇನ್ನೊಬ್ಬರು. ಹಾಗಂತ ಗೌಡರ ಮಾತು ಬರೀ ಭಾಷಣವಾಗಿತ್ತೇ? ಅಲ್ಲ. ಕೆಂಪುಕೋಟೆಯಲ್ಲಿ ಆಡಿದ ಮೇಲೆ ಹಿಂದೆ ಸರಿಯುವುದು ಯಾವ ಸರ್ಕಾರಕ್ಕೂ ಸುಲಭವಿರಲಿಲ್ಲ. (ನಮ್ಮ ಹಾಸನ–ಬೆಂಗಳೂರು ರೈಲುಮಾರ್ಗಕ್ಕೆ ಅವರ ಕಾಲದಲ್ಲೇ ಮಂಜೂರಾತಿ ಸಿಕ್ಕಿತ್ತು, ಕುಣಿಗಲ್ ಮೇಲೆ ರೈಲು ಓಡಿದ್ದು 2017ರಲ್ಲಿ. ಕಾಗದ ಇದ್ದರೂ ಕಾಯಬೇಕು, ಅದು ಬೇರೆ ಮಾತು.)

ವಿದೇಶದ ವಿಷಯಕ್ಕೆ ಬಂದರೆ ಲೆಕ್ಕವೇ ತಿರುವುಮುರುವು. ಅಲ್ಲಿ ಪ್ರಧಾನಿಯ ಮಾತಿಗೆ, ರುಜುವಿಗೆ ತನ್ನದೇ ತೂಕ. ಬೇರೆ ದೇಶದೊಂದಿಗೆ ಒಪ್ಪಂದ ಮಾಡಿಕೊಳ್ಳುವುದು ನಮ್ಮಲ್ಲಿ ಸರ್ಕಾರದ ಅಧಿಕಾರ; ಸಂಸತ್ತು ಮತ ಹಾಕಲೇಬೇಕೆಂಬ ನಿಯಮವಿಲ್ಲ. ಇದೇ ದೇವೇಗೌಡರು 1996ರ ಡಿಸೆಂಬರ್ 12ರಂದು ಬಾಂಗ್ಲಾದೇಶದ ಶೇಖ್ ಹಸೀನಾ ಜೊತೆ ಪಶ್ಚಿಮ ಬಂಗಾಳದ ಫರಕ್ಕಾ ಬ್ಯಾರೇಜಿಗೆ ಬರುವ ಗಂಗೆಯ ನೀರು ಹಂಚಿಕೊಳ್ಳುವ 30 ವರ್ಷದ ಒಪ್ಪಂದಕ್ಕೆ ರುಜು ಹಾಕಿದರು, ಅದಕ್ಕೆ ಕಾಯ್ದೆಯೇ ಬೇಕಾಗಲಿಲ್ಲ. ಅದೇ ವರ್ಷ ಹೇಳಿದ ಉತ್ತರಾಖಂಡ ನಾಲ್ಕು ವರ್ಷ ಕಾಯಿತು, ಗಂಗೆ ಕಾಯಲಿಲ್ಲ. 1974ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿತ್ತು: ವಾತಾವರಣದಲ್ಲಿ ಅಣು ಪರೀಕ್ಷೆ ನಿಲ್ಲಿಸುತ್ತೇವೆಂದು ಫ್ರಾನ್ಸಿನ ಅಧ್ಯಕ್ಷರು ಬಹಿರಂಗವಾಗಿ ಆಡಿದ ಮಾತಿಗೇ ಆ ದೇಶ ಕಟ್ಟುಬಿದ್ದಿದೆ ಎಂದಿತು.

ಒಂದು ಗಡಿ ಮಾತ್ರ ದಾಟುವ ಹಾಗಿಲ್ಲ. ನೆಲ ಬಿಟ್ಟುಕೊಡುವುದಾದರೆ ಪ್ರಧಾನಿಯ ರುಜು ಸಾಲದು. ನೆಹರೂ 1958ರಲ್ಲಿ ಪಾಕಿಸ್ತಾನದ ಜೊತೆ ಪಶ್ಚಿಮ ಬಂಗಾಳದ ಗಡಿಯ ಬೇರೂಬಾರಿಯಲ್ಲಿ ಒಂದು ಭಾಗ ಬಿಟ್ಟುಕೊಡಲು ಒಪ್ಪಿಕೊಂಡು ಬಂದಾಗ, ಸಂವಿಧಾನ ತಿದ್ದುಪಡಿ ಆಗಲೇಬೇಕು ಎಂದು ಸುಪ್ರೀಂ ಕೋರ್ಟ್ 1960ರಲ್ಲಿ ಹೇಳಿತು. ಇಂದಿರಾ ಗಾಂಧಿ 1974ರಲ್ಲಿ ಬಾಂಗ್ಲಾದೇಶದೊಂದಿಗೆ ಮಾಡಿಕೊಂಡ ಗಡಿ ಒಪ್ಪಂದ ಪೂರ್ತಿ ಜಾರಿಯಾಗಲು 2015ರ 100ನೇ ತಿದ್ದುಪಡಿಯವರೆಗೆ ಕಾಯಬೇಕಾಯಿತು.

ನಮ್ಮ ಪ್ರಧಾನಿಯ ಮಾತು ಬೇರೆ ದೇಶದ ಕಾನೂನನ್ನೂ ಬದಲಿಸುವುದಿಲ್ಲ. 2025ರ ಆಗಸ್ಟ್‌ನಲ್ಲಿ ಅಮೆರಿಕ ಭಾರತದ ಸರಕಿನ ಮೇಲೆ ಸುಂಕವನ್ನು ಶೇ. 50ಕ್ಕೆ ಏರಿಸಿದಾಗ, ರೈತರ ಹಿತದಲ್ಲಿ ರಾಜಿಯಿಲ್ಲ ಎಂದು ಮೋದಿ ಹೇಳಿದರು. ಅದು ನಿಲುವು, ಆದೇಶವಲ್ಲ. ಕಾಫಿಯನ್ನು ಸುಂಕದಿಂದ ಬಿಟ್ಟದ್ದು ನವೆಂಬರಿನಲ್ಲಿ ಅಮೆರಿಕವೇ. ಸಕಲೇಶಪುರದ ಬೆಳೆಗಾರರು ದೆಹಲಿ ಸುದ್ದಿಯ ಜೊತೆಗೆ ವಾಷಿಂಗ್ಟನ್ ಸುದ್ದಿಯನ್ನೂ ನೋಡುವುದು ಸುಮ್ಮನೆ ಅಲ್ಲ.

ಹೇಳಿದ್ದಕ್ಕೆ ಸರ್ಕಾರ ಹೊಣೆಯೇ ಅಂತ ಕೋರ್ಟಿಗೆ ಹೋದರೆ? ಸಚಿವರೊಬ್ಬರ ಹೇಳಿಕೆಯನ್ನು ಸಾಮೂಹಿಕ ಹೊಣೆಯ ಹೆಸರಲ್ಲಿ ಇಡೀ ಸರ್ಕಾರದ ತಲೆಗೆ ಕಟ್ಟಲಾಗದು ಎಂದು 2023ರ ಜನವರಿ 3ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. ನಮ್ಮ ಕರ್ನಾಟಕದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅಲ್ಲಿ ಭಿನ್ನವಾಗಿ ಬರೆದರು: ಮಾತು ಸರ್ಕಾರದ ಅಭಿಪ್ರಾಯವೇ ಆಗಿದ್ದರೆ ಸರ್ಕಾರಕ್ಕೂ ಅಂಟುತ್ತದೆ. ಹಿಂದಿನ ದಿನವಷ್ಟೇ ನೋಟು ರದ್ದಿನ ತೀರ್ಪಿನಲ್ಲೂ ಅವರೊಬ್ಬರೇ ಬೇರೆ ನಿಂತಿದ್ದರು, ಅಧಿಸೂಚನೆ ಸಾಲದು, ಕಾನೂನೇ ಬೇಕಿತ್ತು ಎಂದು. ನನಗೆ ಅವರ ಎರಡೂ ಮಾತು ಹಿಡಿಸುತ್ತವೆ. ಸಂಸತ್ತಿನೊಳಗೆ ಕೊಟ್ಟ ಭರವಸೆಯ ಕಥೆ ಬೇರೆ. ಅದನ್ನು ಬರೆದಿಟ್ಟುಕೊಂಡು ಬೆನ್ನುಹತ್ತಲು ಭರವಸೆಗಳ ಸಮಿತಿ ಇದೆ.

ಹಾಗಾಗಿ ಆಲೂರಿನವರೇ, ಮುಂದಿನ ಭಾಷಣ ಕೇಳುವಾಗ ಕ್ರಿಯಾಪದಕ್ಕೆ ಕಿವಿ ಕೊಡಿ. ‘ಇಂದು ಮಧ್ಯರಾತ್ರಿಯಿಂದ’ ಅಂದರೆ ಕಾಗದ ರೆಡಿಯಾಗಿದೆ. ‘ಮಾಡುತ್ತೇವೆ’ ಅಂದರೆ ಇನ್ನೂ ಯಾರದ್ದೋ ರುಜು ಬಾಕಿಯಿದೆ. ಯಾರದ್ದು ಅಂತ ಕೇಳಿ: ಸಂಪುಟದ್ದೋ, ಸಂಸತ್ತಿನದ್ದೋ, ರಾಜ್ಯಗಳದ್ದೋ. ಗೆಜೆಟ್ ಈಗ ಫೋನಿನಲ್ಲೇ ಬಿಟ್ಟಿ ಸಿಗುತ್ತದೆ.

ಭಾವ ಟ್ರ್ಯಾಕ್ಟರ್ ಮನೆಗೆ ತಂದದ್ದು ಆಯುಧಪೂಜೆಗೆ, ಐದು ಪರ್ಸೆಂಟ್ ಬಿಲ್ಲಿನ ಜೊತೆ. ಕಾದಿದ್ದಕ್ಕೆ ಉಳೀತು ನೋಡು ಅಂತ ಈಗಲೂ ಹೇಳುತ್ತಾರೆ. ಆ ಒಂದು ತಿಂಗಳು ಬಾಡಿಗೆ ಟ್ರ್ಯಾಕ್ಟರಿಗೆ ಎಷ್ಟು ಕೊಟ್ಟಿರಿ ಅಂದರೆ ಮಾತ್ರ ಮಾತು ಬದಲಿಸುತ್ತಾರೆ.