ಮೂರು ವರ್ಷದ ಮಗುವನ್ನು ನ್ಯೂಯಾರ್ಕಿನ ಮೇಸೀಸ್ ಮೆರವಣಿಗೆಗೆ ಕರೆದೊಯ್ಯಬಹುದೇ?

ಪ್ರಶ್ನೆ: ನ್ಯೂಜೆರ್ಸಿಯಲ್ಲಿರುವ ಅಕ್ಕನ ಮನೆಗೆ ನವೆಂಬರ್‌ನಲ್ಲಿ ಹೋಗುತ್ತಿದ್ದೇವೆ. ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ನಾಲ್ಕೈದು ದಿನ ಮೊದಲು ಅಲ್ಲಿಗೆ ತಲುಪುತ್ತೇವೆ. ಆ ದಿನ ನ್ಯೂಯಾರ್ಕಿನಲ್ಲಿ ಮೇಸೀಸ್ ಎಂಬ ಮಳಿಗೆಯವರು ನಡೆಸುವ ದೈತ್ಯ ಬಲೂನುಗಳ ಮೆರವಣಿಗೆಯನ್ನು ಮಕ್ಕಳಿಗೆ ತೋರಿಸಬೇಕೆಂದು ಬಹಳ ಆಸೆಯಿದೆ. ದೊಡ್ಡವಳಿಗೆ ಆರು ವರ್ಷ, ಚಿಕ್ಕವನಿಗೆ ಮೂರು. ಚಳಿ, ಜನಜಂಗುಳಿ ಎಂದು ಎಲ್ಲರೂ ಹೆದರಿಸುತ್ತಿದ್ದಾರೆ. ಕರೆದುಕೊಂಡು ಹೋಗಬಹುದೇ?

ಉತ್ತರ: ಹೋಗಬಹುದು. ಆದರೆ ದೊಡ್ಡವರ ಲೆಕ್ಕದಲ್ಲಿ ಅದು ಒಂದೂವರೆ, ಎರಡು ಗಂಟೆಯ ಮೆರವಣಿಗೆ. ಮೂರು ವರ್ಷದ ಮಗುವಿನ ಲೆಕ್ಕದಲ್ಲಿ ಅದು ಮೊದಲಿಗೆ ಎರಡು ಗಂಟೆಯ ಕಾಯುವಿಕೆ, ಆಮೇಲೆ ಮೈಯಲ್ಲಿ ಉಳಿದಿರುವ ಶಕ್ತಿಯಲ್ಲಿ ನೋಡುವ ಮೆರವಣಿಗೆ. ಯಾವ ಬಲೂನು ಬರುತ್ತದೆ, ಯಾರು ಹಾಡುತ್ತಾರೆ ಎಂಬುದನ್ನೆಲ್ಲ ಸಂಘಟಕರು ನೋಡಿಕೊಳ್ಳುತ್ತಾರೆ. ನೀವು ಸಿದ್ಧತೆ ಮಾಡಿಕೊಳ್ಳಬೇಕಾದದ್ದು ಆ ಕಾಯುವಿಕೆಗೆ.

ಇದನ್ನು ನಾನು ತಡವಾಗಿ ಕಲಿತೆ. ಮೊದಲ ಸಲ ಹೋದಾಗ ನನ್ನ ಮಗಳಿಗೆ ನಾಲ್ಕು ವರ್ಷ. ಬೆಳಗಿನ ಆರೂವರೆಗೇ ಹೋಗಿ ಮುಂದಿನ ಸಾಲು ಹಿಡಿದಿದ್ದೆವು. ಎಂಟೂವರೆಯ ಹೊತ್ತಿಗೆ ದೂರದಲ್ಲಿ ಬ್ಯಾಂಡಿನ ಸದ್ದು ಕೇಳಿಸಿ ಜನರೆಲ್ಲ ಕೂಗತೊಡಗಿದಾಗ ಅವಳು ನನ್ನ ಕೋಟಿನೊಳಗೆ ಮುಖ ಹುದುಗಿಸಿ ಅಳುತ್ತಿದ್ದಳು. ಒಂದು ಕೈಗವಸು ಎಲ್ಲೋ ಬಿದ್ದುಹೋಗಿತ್ತು, ಬೆರಳುಗಳು ಕೆಂಪಾಗಿದ್ದವು, ಮೂತ್ರಕ್ಕೆ ಹೋಗಬೇಕೆಂದು ಅರ್ಧ ಗಂಟೆಯಿಂದ ಹೇಳುತ್ತಲೇ ಇದ್ದಳು. ಮೊದಲ ಬಲೂನು ನಮ್ಮ ಮುಂದೆ ಹಾದುಹೋಗುವಾಗ ನಾವು ಅದಕ್ಕೆ ಬೆನ್ನು ಮಾಡಿ ಜನರನ್ನು ಸರಿಸಿಕೊಂಡು ಹೊರಗೆ ನಡೆಯುತ್ತಿದ್ದೆವು. ತಪ್ಪು ಮಗುವಿನದಾಗಿರಲಿಲ್ಲ. ನಾವು ಮುಂದಿನ ಸಾಲಿನ ಬಗ್ಗೆ ಯೋಚಿಸಿದ್ದೆವೇ ಹೊರತು ಅವಳ ಬಗ್ಗೆ ಯೋಚಿಸಿರಲಿಲ್ಲ.

ಈಗ ನಿಮ್ಮ ವಿಚಾರಕ್ಕೆ ಬರೋಣ. ಥ್ಯಾಂಕ್ಸ್‌ಗಿವಿಂಗ್ ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ ಬರುತ್ತದೆ. ಮೆರವಣಿಗೆ ಮ್ಯಾನ್‌ಹಟನ್‌ನ 77ನೆಯ ಬೀದಿಯ ಬಳಿ ಸೆಂಟ್ರಲ್ ಪಾರ್ಕ್ ವೆಸ್ಟ್ ರಸ್ತೆಯಲ್ಲಿ ಹೊರಟು, ಉದ್ಯಾನದ ಅಂಚಿನಲ್ಲೇ ದಕ್ಷಿಣಕ್ಕೆ ಸಾಗಿ, ಕೊಲಂಬಸ್ ಸರ್ಕಲ್ ಬಳಿ ತಿರುಗಿ, ಆರನೆಯ ಅವೆನ್ಯೂ ಹಿಡಿದು 34ನೆಯ ಬೀದಿಯ ಮೇಸೀಸ್ ಮಳಿಗೆಯ ಮುಂದೆ ಮುಗಿಯುತ್ತದೆ. ಒಟ್ಟು ದಾರಿ ಸುಮಾರು 4 ಕಿಲೋಮೀಟರ್. 2023ರಿಂದ ಅದು ಬೆಳಿಗ್ಗೆ 8.30ಕ್ಕೆ ಶುರುವಾಗುತ್ತಿದೆ, ಮೊದಲು ಒಂಬತ್ತಕ್ಕೆ ಶುರುವಾಗುತ್ತಿತ್ತು. ನೋಡಲು ಟಿಕೆಟ್ ಇಲ್ಲ. ಮಳಿಗೆಯ ಮುಂದಿರುವ ಮೆಟ್ಟಿಲು ಆಸನಗಳು ಆಹ್ವಾನಿತರಿಗೆ ಮಾತ್ರ. ಟಿವಿ ಪ್ರಸಾರದ ಏರ್ಪಾಡುಗಳಿರುವ ಕಾರಣ ಆರನೆಯ ಅವೆನ್ಯೂವಿನ 34ರಿಂದ 38ನೆಯ ಬೀದಿಯವರೆಗಿನ ಭಾಗದಲ್ಲಿ ಸಾರ್ವಜನಿಕರಿಗೆ ನಿಂತು ನೋಡಲು ಅವಕಾಶ ಬಹಳ ಕಡಿಮೆ. ಹೀಗಾಗಿ ನ್ಯೂಜೆರ್ಸಿಯಿಂದ ರೈಲಿನಲ್ಲಿ ಬಂದು 34ನೆಯ ಬೀದಿಯ ಪೆನ್ ಸ್ಟೇಷನ್‌ನಲ್ಲಿ ಇಳಿದು ಅಲ್ಲೇ ನೋಡಿಬಿಡೋಣ ಎಂದುಕೊಳ್ಳಬೇಡಿ.

ಚಿಕ್ಕ ಮಕ್ಕಳಿರುವವರು ಮೆರವಣಿಗೆ ಹೊರಡುವ ತುದಿಯ ಹತ್ತಿರ, ಸೆಂಟ್ರಲ್ ಪಾರ್ಕ್ ವೆಸ್ಟ್‌ನ ಪಶ್ಚಿಮ ಬದಿಯಲ್ಲಿ, 70ರ ಆಸುಪಾಸಿನ ಬೀದಿಗಳ ಬಳಿ ನಿಲ್ಲುವುದು ಒಳ್ಳೆಯದು. ಇಲ್ಲಿ ಮೆರವಣಿಗೆ ಬೇಗ ಬರುತ್ತದೆ, ಬೇಗ ಮುಗಿಯುತ್ತದೆ. 34ನೆಯ ಬೀದಿಯಲ್ಲಿ ಅದರ ಕೊನೆ ತಲುಪುವುದು ಮಧ್ಯಾಹ್ನದ ಹೊತ್ತಿಗೆ. ಇಲ್ಲಿ ಹತ್ತು, ಹತ್ತೂವರೆಗೆ ನೀವು ಮನೆಯ ದಾರಿ ಹಿಡಿಯಬಹುದು. ಜೊತೆಗೆ ಪೆನ್ ಸ್ಟೇಷನ್‌ನಲ್ಲಿ ಇಳಿದವರು ಅಲ್ಲಿಂದ 1, 2 ಅಥವಾ 3ನೆಯ ಸಬ್‌ವೇ (ನೆಲದಡಿಯ ನಗರ ರೈಲು) ಹಿಡಿದು 72ನೆಯ ಬೀದಿಯ ನಿಲ್ದಾಣದಲ್ಲಿ ಇಳಿದರೆ ಮೆರವಣಿಗೆಯ ರಸ್ತೆಯನ್ನು ಎಲ್ಲೂ ದಾಟಬೇಕಾಗಿಲ್ಲ. ರಸ್ತೆ ಮುಚ್ಚಿದ ಮೇಲೆ ಆಚೆ ಬದಿಗೆ ಹೋಗುವುದು ಎಷ್ಟು ಕಷ್ಟವೆಂಬುದು ಮಗುವಿಗೆ ಶೌಚಾಲಯ ಬೇಕಾದಾಗಲೇ ಗೊತ್ತಾಗುವುದು. ಈ ಎರಡೂ ನಿಲ್ದಾಣಗಳಲ್ಲಿ ಲಿಫ್ಟ್ ಇದೆ. ನ್ಯೂಯಾರ್ಕಿನ ಹಲವು ಸಬ್‌ವೇ ನಿಲ್ದಾಣಗಳಲ್ಲಿ ಅದು ಇರುವುದಿಲ್ಲ. 44 ಇಂಚಿಗಿಂತ ಕುಳ್ಳಗಿರುವ ಮಕ್ಕಳು ಹಿರಿಯರ ಜೊತೆ ಸಬ್‌ವೇಯಲ್ಲಿ ಉಚಿತವಾಗಿ ಪ್ರಯಾಣಿಸಬಹುದು.

ನಿಮ್ಮ ವಿಷಯದಲ್ಲಿ ಇನ್ನೊಂದು ಲೆಕ್ಕವಿದೆ. ಆ ಹೊತ್ತಿನಲ್ಲಿ ಭಾರತದ ಗಡಿಯಾರ ನ್ಯೂಯಾರ್ಕಿಗಿಂತ ಹತ್ತೂವರೆ ಗಂಟೆ ಮುಂದಿರುತ್ತದೆ. ನಾಲ್ಕೈದು ದಿನದಲ್ಲಿ ಚಿಕ್ಕ ಮಕ್ಕಳ ನಿದ್ದೆ ಪೂರ್ತಿ ಹೊಂದಿಕೊಂಡಿರುವುದಿಲ್ಲ. ಅದರಿಂದ ಒಂದು ಅನುಕೂಲವುಂಟು: ಮಕ್ಕಳನ್ನು ಬೆಳಗಿನ ಜಾವ ಎಬ್ಬಿಸಬೇಕಾಗಿಲ್ಲ, ಅವರೇ ನಿಮ್ಮನ್ನು ಎಬ್ಬಿಸುತ್ತಾರೆ. ಆದರೆ ಮೆರವಣಿಗೆ ಹೊರಡುವ 8.30 ಎಂದರೆ ಅವರ ಮೈಗೆ ಸಂಜೆ ಏಳು ಗಂಟೆ. ಹತ್ತು ಗಂಟೆಯೆಂದರೆ ರಾತ್ರಿ ಎಂಟೂವರೆ, ಊಟ ಮಾಡಿ ಮಲಗುವ ಸಮಯ. ಚಿಕ್ಕವನು ಬ್ಯಾಂಡಿನ ಸದ್ದಿನ ನಡುವೆಯೇ ನಿಮ್ಮ ಹೆಗಲ ಮೇಲೆ ನಿದ್ದೆ ಹೋದರೆ ಅವನನ್ನು ಎಬ್ಬಿಸಲು ಹೋಗಬೇಡಿ.

ಚಳಿಯ ಬಗ್ಗೆ ಜನ ಹೇಳುವುದರಲ್ಲಿ ಉತ್ಪ್ರೇಕ್ಷೆಯೇನೂ ಇಲ್ಲ. ಸಾಮಾನ್ಯವಾಗಿ ಆ ಹೊತ್ತಿಗೆ ಬೆಳಗಿನ ಉಷ್ಣಾಂಶ 4–5 ಡಿಗ್ರಿ ಸೆಲ್ಸಿಯಸ್ ಇರುತ್ತದೆ. 2018ರಲ್ಲಿ ಅದು ಸೊನ್ನೆಗಿಂತ ಏಳು ಡಿಗ್ರಿಯಷ್ಟು ಕೆಳಗಿತ್ತು. 2024ರಲ್ಲಿ ಮೆರವಣಿಗೆಯುದ್ದಕ್ಕೂ ಮಳೆ ಸುರಿಯಿತು. ಮಕ್ಕಳ ಮೈ ಚಿಕ್ಕದಾದ್ದರಿಂದ ತೂಕದ ಲೆಕ್ಕದಲ್ಲಿ ಅವರ ಚರ್ಮದ ಹರವು ಹೆಚ್ಚು, ಆದ್ದರಿಂದ ಅವರು ದೊಡ್ಡವರಿಗಿಂತ ಬೇಗ ಶಾಖ ಕಳೆದುಕೊಳ್ಳುತ್ತಾರೆ. ಇದರ ಮೇಲೆ ಇನ್ನೊಂದು ಸಂಗತಿ ಸೇರಿಕೊಳ್ಳುತ್ತದೆ. ಮಗುವನ್ನು ಹೆಗಲ ಮೇಲೆ ಹೊತ್ತು ನಿಂತ ಅಪ್ಪನ ಮೈ ಬೆವರುತ್ತಿರುತ್ತದೆ, ಹೆಗಲ ಮೇಲೆ ಅಲ್ಲಾಡದೆ ಕುಳಿತ ಮಗು ಗಾಳಿಗೆ ಒಡ್ಡಿಕೊಂಡು ತಣ್ಣಗಾಗುತ್ತಿರುತ್ತದೆ. ಆದ್ದರಿಂದ ನಿಮಗೆ ಸೆಖೆಯಾಗುತ್ತಿದೆ ಎಂಬುದು ಮಗುವಿನ ಅಳತೆಯಲ್ಲ. ಹತ್ತು ನಿಮಿಷಕ್ಕೊಮ್ಮೆ ಅದರ ಕತ್ತಿನ ಹಿಂಭಾಗವನ್ನು ಮುಟ್ಟಿ ನೋಡಿ.

ಒಂದೇ ದಪ್ಪ ಕೋಟಿಗಿಂತ ಪದರ ಪದರವಾಗಿ ತೊಡಿಸುವುದು ಮೇಲು: ಮೈಗೆ ಅಂಟುವ ಥರ್ಮಲ್ ಒಳಉಡುಪು, ಅದರ ಮೇಲೆ ಉಣ್ಣೆಯ ಸ್ವೆಟರ್, ಹೊರಗೆ ಗಾಳಿ ಮತ್ತು ನೀರು ತಡೆಯುವ ಜಾಕೆಟ್. ನೀವು ಎಷ್ಟು ಪದರ ತೊಟ್ಟಿದ್ದೀರೋ ಚಿಕ್ಕವನಿಗೆ ಅದಕ್ಕಿಂತ ಒಂದು ಹೆಚ್ಚಿರಲಿ. ಬೆರಳು ಬೆರಳಾಗಿರುವ ಕೈಗವಸಿಗಿಂತ ನಾಲ್ಕೂ ಬೆರಳು ಒಟ್ಟಿಗಿರುವ ಗವಸು ಕೈಯನ್ನು ಹೆಚ್ಚು ಬೆಚ್ಚಗಿಡುತ್ತದೆ. ಅದನ್ನು ಒಂದು ದಾರಕ್ಕೆ ಕಟ್ಟಿ, ದಾರವನ್ನು ಜಾಕೆಟಿನ ಎರಡೂ ತೋಳುಗಳ ಒಳಗಿಂದ ಹಾಯಿಸಿಬಿಡಿ. ಆಗ ಬಿದ್ದುಹೋಗುವ ಪ್ರಶ್ನೆಯೇ ಇಲ್ಲ. ಒದ್ದೆ ಕಾಲುಚೀಲದಷ್ಟು ಬೇಗ ಮಗುವಿನ ಸಂತೋಷ ಕೆಡಿಸುವ ವಸ್ತು ಇನ್ನೊಂದಿಲ್ಲ, ಆದ್ದರಿಂದ ಒಂದು ಜೊತೆ ಹೆಚ್ಚಾಗಿ ಇಟ್ಟುಕೊಳ್ಳಿ. ಕಾಲುದಾರಿಯ ಕಲ್ಲು ಕೆಳಗಿನಿಂದ ತಣ್ಣಗೆ ಕೊರೆಯುತ್ತದೆ. ಕುಳಿತುಕೊಳ್ಳಲು ಮಡಚಿದ ದಪ್ಪ ಹೊದಿಕೆ ಬೇಕು. ಶೌಚಾಲಯ ಸುಲಭಕ್ಕೆ ಸಿಗುವುದಿಲ್ಲವಾದ್ದರಿಂದ, ಡೈಪರ್ ಬಿಟ್ಟು ಹೆಚ್ಚು ದಿನವಾಗಿರದ ಮಗುವಿಗೆ ಆ ಒಂದು ಬೆಳಿಗ್ಗೆ ಡೈಪರ್ ಹಾಕುವುದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಸ್ಟ್ರೋಲರ್ ನಿಲ್ದಾಣದಿಂದ ಬೀದಿಯವರೆಗೆ ಉಪಯೋಗಕ್ಕೆ ಬರುತ್ತದೆ, ಮೆರವಣಿಗೆ ನೋಡಲು ಬರುವುದಿಲ್ಲ. ಜನರ ನಡುವೆ ಅದರಲ್ಲಿ ಕುಳಿತ ಮಗುವಿಗೆ ಕಾಣುವುದು ಮೊಣಕಾಲುಗಳು ಮಾತ್ರ. ಸುಲಭವಾಗಿ ಮಡಚುವಂಥದ್ದನ್ನೇ ಒಯ್ಯಿರಿ. ಬಲೂನುಗಳ ಮಟ್ಟಿಗೆ ಮುಂದಿನ ಸಾಲು ಬೇಕೆಂದೇನೂ ಇಲ್ಲ. ಅವು ಹಲವು ಮಹಡಿಗಳಷ್ಟು ಎತ್ತರವಿರುವುದರಿಂದ ಹತ್ತನೆಯ ಸಾಲಿನಲ್ಲಿ ನಿಂತ ಅಪ್ಪನ ಹೆಗಲ ಮೇಲಿಂದಲೂ ಚೆನ್ನಾಗಿ ಕಾಣುತ್ತವೆ. ನನ್ನ ಅನುಭವದಲ್ಲಿ ಏಳೂವರೆಗೆ ಬಂದು ಹಿಂದೆ ನಿಲ್ಲುವ ಮಗು, ಆರಕ್ಕೆ ಬಂದು ಮುಂದೆ ನಿಲ್ಲುವ ಮಗುವಿಗಿಂತ ಹೆಚ್ಚು ನೋಡುತ್ತದೆ. ಬ್ಯಾಂಡಿನ ತಮಟೆಗಳ ಸದ್ದು ಎದೆಗೆ ಬಡಿಯುವಷ್ಟಿರುತ್ತದೆ. ಶಬ್ದಕ್ಕೆ ಬೆಚ್ಚುವ ಮಗುವಾದರೆ ಕಿವಿ ಮುಚ್ಚುವ ಸಾಧನವನ್ನು ಮನೆಯಲ್ಲೇ ಒಂದೆರಡು ಸಲ ಹಾಕಿಸಿ ರೂಢಿ ಮಾಡಿಸಿ.

ಜನಜಂಗುಳಿಯ ಭಯ ಸಹಜ. ಸಂಘಟಕರ ಲೆಕ್ಕದಂತೆ ಬೀದಿಗಳಲ್ಲಿ ಸೇರುವವರು ಮೂವತ್ತು ಲಕ್ಷಕ್ಕೂ ಹೆಚ್ಚು. ಮನೆ ಬಿಡುವ ಮೊದಲು ಇಬ್ಬರು ಮಕ್ಕಳನ್ನೂ ಆ ದಿನದ ಬಟ್ಟೆಯಲ್ಲೇ ನಿಲ್ಲಿಸಿ ಒಂದು ಫೋಟೊ ತೆಗೆದುಕೊಳ್ಳಿ. ಅಲ್ಲಿ ಕೆಲಸ ಮಾಡುವ ಫೋನ್ ಸಂಖ್ಯೆಯನ್ನು ಮುಂಗೈ ಮೇಲೆ ಪೆನ್ನಿನಿಂದ ಬರೆಯಿರಿ. ಭಾರತದ ಸಂಖ್ಯೆಗಿಂತ ಅಕ್ಕನ ಸಂಖ್ಯೆ ಒಳ್ಳೆಯದು. ಕೈ ತಪ್ಪಿದರೆ ಹುಡುಕಿಕೊಂಡು ಹೋಗದೆ ನಿಂತಲ್ಲೇ ನಿಲ್ಲಬೇಕು, ನೀಲಿ ಸಮವಸ್ತ್ರದ ಪೊಲೀಸರ ಹತ್ತಿರ ಮಾತ್ರ ಮಾತಾಡಬೇಕು ಎಂದು ದೊಡ್ಡವಳಿಗೆ ಹಿಂದಿನ ದಿನವೇ ಹೇಳಿಕೊಡಿ. ಅಪ್ಪ, ಅಮ್ಮ ಎನ್ನುವುದಷ್ಟೇ ಅಲ್ಲದೆ ನಿಮ್ಮಿಬ್ಬರ ಪೂರ್ತಿ ಹೆಸರನ್ನು ಹೇಳಲು ಅವಳಿಗೆ ಬರಬೇಕು.

ಗಾಳಿಯ ವಿಷಯವನ್ನೂ ಮಕ್ಕಳಿಗೆ ಮೊದಲೇ ತಿಳಿಸಿಡುವುದು ಒಳ್ಳೆಯದು. 1997ರಲ್ಲಿ ಬಿರುಗಾಳಿಗೆ ಸಿಕ್ಕ ಒಂದು ಬಲೂನು ದೀಪದ ಕಂಬಕ್ಕೆ ಬಡಿದು, ಮುರಿದ ಕಂಬದ ಭಾಗ ತಲೆಗೆ ಬಿದ್ದು ಪ್ರೇಕ್ಷಕಿಯೊಬ್ಬರು ತೀವ್ರವಾಗಿ ಗಾಯಗೊಂಡರು. ಅದಾದ ಮೇಲೆ ಬಲೂನುಗಳ ಗಾತ್ರಕ್ಕೂ ಹಾರಾಟಕ್ಕೂ ಬಿಗಿಯಾದ ನಿಯಮಗಳು ಬಂದವು: ಗಾಳಿಯ ವೇಗ ಸತತವಾಗಿ ಗಂಟೆಗೆ 37 ಕಿಲೋಮೀಟರ್ ಮೀರಿದರೆ, ಬೀಸುಗಾಳಿ 55 ಮೀರಿದರೆ ದೊಡ್ಡ ಬಲೂನುಗಳನ್ನು ಹಾರಿಸುವಂತಿಲ್ಲ. ಅಂಥ ದಿನ ಬ್ಯಾಂಡು, ಅಲಂಕೃತ ರಥಗಳನ್ನಷ್ಟೇ ನೋಡಬೇಕಾಗುತ್ತದೆ. 1924ರ ಮೊದಲ ಮೆರವಣಿಗೆಯಲ್ಲಿ ಬಲೂನುಗಳೇ ಇರಲಿಲ್ಲ, ಸೆಂಟ್ರಲ್ ಪಾರ್ಕಿನ ಮೃಗಾಲಯದ ಪ್ರಾಣಿಗಳು ನಡೆದು ಹೋಗಿದ್ದವು. ಅವುಗಳ ಗರ್ಜನೆಗೆ ಮಕ್ಕಳು ಹೆದರುತ್ತಿದ್ದುದರಿಂದ 1927ರಲ್ಲಿ ಬಲೂನುಗಳು ಬಂದವೆಂದು ಹೇಳುತ್ತಾರೆ.

ಚಿಕ್ಕವನ ಬಗ್ಗೆ ನನ್ನ ಸ್ಪಷ್ಟ ಅಭಿಪ್ರಾಯ ಕೇಳುವುದಾದರೆ, ಅವನನ್ನು ಬುಧವಾರ ಕರೆದೊಯ್ಯಿರಿ. ಮೆರವಣಿಗೆಯ ಹಿಂದಿನ ದಿನ ಮಧ್ಯಾಹ್ನದಿಂದ ಸಂಜೆಯವರೆಗೆ, ಪ್ರಾಕೃತಿಕ ಇತಿಹಾಸದ ಮ್ಯೂಸಿಯಂನ ಎರಡೂ ಬದಿಯಲ್ಲಿರುವ 77 ಮತ್ತು 81ನೆಯ ಬೀದಿಗಳಲ್ಲಿ ಬಲೂನುಗಳಿಗೆ ಹೀಲಿಯಂ ತುಂಬುತ್ತಾರೆ, ಅದನ್ನು ಯಾರು ಬೇಕಾದರೂ ನೋಡಬಹುದು. ಅಲ್ಲಿಯೂ ಸಾಲು ಇರುತ್ತದೆ, ಜನ ಇರುತ್ತಾರೆ. ಆದರೆ ನಡೆಯುತ್ತಾ ನೋಡುವುದರಿಂದ ಮೈ ತಣ್ಣಗಾಗುವುದಿಲ್ಲ, ಸಾಕೆನಿಸಿದಾಗ ಹೊರಡಬಹುದು. ಬಲೆಯ ಕೆಳಗೆ ಮುಖ ಅಡಿಯಾಗಿ ಬಿದ್ದಿರುವ ದೈತ್ಯನ ಒಂದು ಕೈ ಮೊದಲು ಉಬ್ಬುತ್ತದೆ, ಆಮೇಲೆ ಮೂಗು, ಆಮೇಲೆ ಕಿವಿ. ಮಗು ಅದರ ಪಕ್ಕದಲ್ಲೇ ನಿಂತು, ಇದು ಯಾರಿರಬಹುದು ಎಂದು ಊಹಿಸುತ್ತದೆ. ಮರುದಿನ ಬೆಳಿಗ್ಗೆ ನಿಮ್ಮಲ್ಲೊಬ್ಬರು ದೊಡ್ಡವಳನ್ನು ಮೆರವಣಿಗೆಗೆ ಕರೆದುಕೊಂಡು ಹೋಗಿ. ಚಿಕ್ಕವನು ದೊಡ್ಡಮ್ಮನ ಮನೆಯಲ್ಲಿ ಬೆಚ್ಚಗೆ ಕುಳಿತು, ನಿನ್ನೆ ತಾನು ನೋಡಿದ ಬಲೂನುಗಳು ಟಿವಿಯಲ್ಲಿ ಬರುವುದನ್ನು ಗುರುತಿಸಲಿ.

ಇಬ್ಬರನ್ನೂ ಗುರುವಾರವೇ ಕರೆದೊಯ್ಯುವುದಾದರೆ, ಸಾಂತಾ ಕ್ಲಾಸ್ ಬರುವುದು ಎಲ್ಲಕ್ಕಿಂತ ಕೊನೆಗೆ ಎಂಬುದನ್ನು ದೊಡ್ಡವಳಿಗೆ ಮೊದಲೇ ಹೇಳಿ. ತಮ್ಮನಿಗೆ ಚಳಿಯಾದರೆ ಯಾರು ಅವನೊಡನೆ ಹೊರಡುವುದು, ಯಾರು ಅವಳೊಡನೆ ಉಳಿಯುವುದು, ಆಮೇಲೆ ಯಾವ ನಿಲ್ದಾಣದಲ್ಲಿ ಸೇರುವುದು ಎಂಬುದನ್ನು ಗಂಡ ಹೆಂಡತಿ ಇಬ್ಬರೂ ಹಿಂದಿನ ರಾತ್ರಿಯೇ ಮಾತಾಡಿಕೊಂಡಿರಿ.