ಅಣುತ್ಯಾಜ್ಯವನ್ನು ಆಳದಲ್ಲಿ ಹೂತರೂ ನೀರಿಗೆ ಸೇರುವುದಿಲ್ಲವೇ?

ಮುಂಬಯಿಯ ಚೆಂಬೂರಿನಿಂದ ಓದುಗರೊಬ್ಬರು ಕೇಳಿದ್ದಾರೆ: ‘ನಮ್ಮ ಮನೆ ಭಾಭಾ ಅಣು ಸಂಶೋಧನಾ ಕೇಂದ್ರ ಇರುವ ಟ್ರಾಂಬೆಗೆ ಹತ್ತಿರ. ಅಣುತ್ಯಾಜ್ಯವನ್ನು ನೆಲದಾಳದಲ್ಲಿ ಹೂಳುವುದೇ ಸರಿ ಅನ್ನುತ್ತಾರೆ. ಎಷ್ಟೇ ಕೆಳಗೆ ಹೂತರೂ ಒಂದಲ್ಲ ಒಂದು ದಿನ ಅದು ನೀರಿಗೆ ಸೇರಲ್ವಾ?’

ಕೇಳಬೇಕಾದ್ದನ್ನೇ ಕೇಳಿದ್ದೀರಿ. ಇಲ್ಲಿ ದೊಡ್ಡ ಶತ್ರು ನೀರೇ. ಮಳೆಗಾಲದಲ್ಲಿ ಮತ್ಸ್ಯಗಂಧ ಹತ್ತಿ ಊರಿಗೆ ಹೋಗುವಾಗ ಕೊಂಕಣ ರೈಲಿನ ಸುರಂಗಗಳನ್ನು ನೋಡಿರುತ್ತೀರಿ. ಬಂಡೆಯಿಂದ ನೀರು ಜಿನುಗುತ್ತಲೇ ಇರುತ್ತದೆ. ಬಿರುಕು ಇದ್ದಲ್ಲಿ ನೀರು ಇದ್ದೇ ಇರುತ್ತದೆ, ಆಳದಲ್ಲೂ ಅಷ್ಟೇ. ಹಾಗಾಗಿ ಎಂಜಿನಿಯರುಗಳು ಆಳವೊಂದನ್ನೇ ನಂಬಿ ಕೂರುವುದಿಲ್ಲ. ನೀರು ಬರುತ್ತದೆ ಎಂದುಕೊಂಡೇ ಲೆಕ್ಕ ಹಾಕುತ್ತಾರೆ. ತ್ಯಾಜ್ಯ ನೀರಿಗೆ ಸೇರುವ ಹೊತ್ತಿಗೆ ಅದರ ವಿಕಿರಣ ಇಳಿದಿರಬೇಕು, ಗುರಿ ಇದು. ಆದರೆ ತ್ಯಾಜ್ಯದಲ್ಲಿರಬಹುದಾದ ಪ್ಲುಟೋನಿಯಂ-239 ಅರ್ಧಕ್ಕಿಳಿಯಲೇ ಸುಮಾರು 24,100 ವರ್ಷ ಬೇಕು.

ಅಣುತ್ಯಾಜ್ಯ ಹೂಳಲೆಂದೇ ಕೊರೆದ ಫಿನ್ಲೆಂಡಿನ ಓಂಕಾಲೊ ಸುರಂಗ ನೋಡಿ. ಸುಮಾರು 430 ಮೀಟರ್ ಆಳ, ಹಳೆಯ ಗಟ್ಟಿ ಬಂಡೆ. ಅಣುಸ್ಥಾವರದಲ್ಲಿ ಬಳಸಿದ ಇಂಧನವನ್ನು ಎರಕದ ಕಬ್ಬಿಣದೊಳಗೆ ಇಟ್ಟು, ಹೊರಗೆ 5 ಸೆಂಟಿಮೀಟರ್ ದಪ್ಪದ ತಾಮ್ರ ಹೊದಿಸುತ್ತಾರೆ. ಕಬ್ಬಿಣ ಒತ್ತಡ ತಡೆಯುತ್ತದೆ. ಆ ಆಳದ ನೀರಿನಲ್ಲಿ ಆಮ್ಲಜನಕ ಇಲ್ಲದಷ್ಟು ಕಡಿಮೆ, ಅದಕ್ಕೇ ತಾಮ್ರ ತುಂಬ ನಿಧಾನವಾಗಿ ಸವೆಯುತ್ತದೆ. ಸುತ್ತ ಬೆಂಟೊನೈಟ್ ಎಂಬ ಜೇಡಿಮಣ್ಣನ್ನು ಒತ್ತಿ ತುಂಬುತ್ತಾರೆ. ಇಡೀ ಏರ್ಪಾಡಿನಲ್ಲಿ ನನಗೆ ಜಾಸ್ತಿ ಇಷ್ಟವಾಗಿದ್ದು ಈ ಮಣ್ಣೇ. ನೀರು ತಗುಲಿದರೆ ಕಾಮಕಸ್ತೂರಿ ಬೀಜದ ಹಾಗೆ ಉಬ್ಬಿ ಸಂದುಗೊಂದು ಮುಚ್ಚಿಬಿಡುತ್ತದೆ. ಮೊದಲು ಬಂದ ನೀರೇ ಹಿಂದೆ ಬರುವ ನೀರನ್ನು ತಡೆದಂತಾಯಿತು. ತ್ಯಾಜ್ಯದಿಂದ ಹೊಮ್ಮುವ ಬಿಸಿ ಜಾಸ್ತಿಯಾದರೆ ಮಾತ್ರ ಈ ಗುಣ ಕೆಡಬಹುದು. ಅದಕ್ಕೇ ಮಣ್ಣು 100 ಡಿಗ್ರಿ ದಾಟದಂತೆ ಡಬ್ಬಿಗಳನ್ನು ದೂರ ದೂರ ಇಡುತ್ತಾರೆ.

ನಮ್ಮ ದೇಶದ ದಾರಿ ಬೇರೆ. ಬಳಸಿದ ಇಂಧನದಿಂದ ಯುರೇನಿಯಂ, ಪ್ಲುಟೋನಿಯಂ ತೆಗೆದ ಮೇಲೆ ಉಳಿಯುವ ತೀಕ್ಷ್ಣ ದ್ರವವನ್ನು ಟ್ರಾಂಬೆ, ತಾರಾಪುರ, ಕಲ್ಪಾಕ್ಕಂಗಳಲ್ಲಿ ಬೋರೋಸಿಲಿಕೇಟ್ ಗಾಜಿನಲ್ಲಿ ಬೆರೆಸಿ ಸ್ಟೀಲ್ ಡಬ್ಬಿಗೆ ಹುಯ್ಯುತ್ತಾರೆ. ಡಬ್ಬಿಗಳನ್ನು ಗಾಳಿಯಾಡುವ ಕಟ್ಟಡದಲ್ಲಿ ಕಾದಿಡುತ್ತಾರೆ. ಆಳದಲ್ಲಿ ಹೂಳುವ ಜಾಗ ನಮ್ಮಲ್ಲಿ ಇನ್ನೂ ಆಗಿಲ್ಲ.

ಬಿಸಿಗೆ ಬಂಡೆ ಹೇಗೆ ನಡೆದುಕೊಳ್ಳುತ್ತದೆ ಎಂದು ನೋಡಲು 1980ರ ದಶಕದಲ್ಲಿ ಕೋಲಾರದ ಚಿನ್ನದ ಗಣಿಯಲ್ಲಿ, ಸುಮಾರು 1,000 ಮೀಟರ್ ಆಳದಲ್ಲಿ, ಕರೆಂಟ್ ಹೀಟರ್ ಇಟ್ಟು ಪ್ರಯೋಗ ಮಾಡಿದ್ದರು. ತ್ಯಾಜ್ಯ ಇಟ್ಟಿರಲಿಲ್ಲ. 2012ರಲ್ಲಿ ತ್ಯಾಜ್ಯವೇ ಅಲ್ಲಿಗೆ ಬರುತ್ತದೆ ಎಂಬ ಸುದ್ದಿ ಹಬ್ಬಿ ಜನ ಬೀದಿಗಿಳಿದರು. ಅವರ ಸಿಟ್ಟು ಸುಮ್ನೆ ಬಂದದ್ದಲ್ಲ. ನಾಳೆ ಎಲ್ಲೇ ಜಾಗ ಹುಡುಕಲಿ, ಅಲ್ಲಿನ ಬಂಡೆಯ ಬಿರುಕು, ನೀರಿನ ಲೆಕ್ಕ ಮೊದಲು ಆ ಊರಿನವರಿಗೆ ಸಿಗಬೇಕು. ಓಂಕಾಲೊ ಇರುವ ಯೂರಾಯೊಕಿಗೆ ಬೇಡ ಎನ್ನುವ ಹಕ್ಕಿತ್ತು. ಊರಿನ ಕೌನ್ಸಿಲ್ 2000ದಲ್ಲಿ ಒಪ್ಪಿತು, ಸುರಂಗ ಅಗೆಯಲು ಶುರುವಾಗಿದ್ದು 2004ರಲ್ಲಿ.